ಪೂರ್ವಗ್ರಹಕ್ಕೆ ಅಧಿಕಾರ ಕೂಡಿದರಷ್ಟೇ ಜನಾಂಗೀಯವಾದವೇ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಈಚೆಗೆ ನಡೆದ ತರಬೇತಿಯೊಂದರಲ್ಲಿ ‘ಪೂರ್ವಗ್ರಹ ಮತ್ತು ಅಧಿಕಾರ ಕೂಡಿದರೆ ಜನಾಂಗೀಯವಾದ’ ಎಂಬ ಸೂತ್ರವನ್ನು ಹೇಳಿಕೊಟ್ಟರು. ಅದರ ಪ್ರಕಾರ ಅಧಿಕಾರವಿಲ್ಲದ ಸಮುದಾಯದವರಲ್ಲಿ ಪೂರ್ವಗ್ರಹ ಇರಬಹುದು, ಆದರೆ ಅವರು ಜನಾಂಗೀಯವಾದಿಗಳಾಗಲು ಸಾಧ್ಯವೇ ಇಲ್ಲವಂತೆ. ನಿಘಂಟಿನಲ್ಲಿ ನೋಡಿದರೆ ಅಧಿಕಾರದ ಪ್ರಸ್ತಾಪವಿಲ್ಲ. ಒಂದು ಜನಾಂಗ ಇನ್ನೊಂದಕ್ಕಿಂತ ಮೇಲು ಎಂಬ ನಂಬಿಕೆ, ಅದರಿಂದ ಹುಟ್ಟುವ ದ್ವೇಷ ಎಂದಷ್ಟೇ ಇದೆ. ಇವೆರಡರಲ್ಲಿ ಯಾವುದು ಸರಿ? ಯಾರ ಮನಸ್ಸಿನಲ್ಲೂ ದ್ವೇಷವಿಲ್ಲದ ಸಂಸ್ಥೆಯ ಮೇಲೆ ಜನಾಂಗೀಯವಾದದ ಆರೋಪ ಹೊರಿಸಬಹುದೇ? ಕಪ್ಪು ವರ್ಣೀಯನೊಬ್ಬ ಬಿಳಿಯನೊಬ್ಬನನ್ನು ಬಣ್ಣದ ಕಾರಣಕ್ಕೇ ಹೊಡೆದರೆ ಅದನ್ನು ಏನೆನ್ನಬೇಕು?

ಉತ್ತರ: ನೀವು ಕೇಳಿದ ಸೂತ್ರವೂ ನೀವು ಓದಿದ ನಿಘಂಟೂ ಒಂದೇ ಕಡೆ ಎಡವುತ್ತವೆ. ಎರಡೂ ಜನಾಂಗೀಯವಾದವನ್ನು ವ್ಯಕ್ತಿಯ ಮನಸ್ಸಿನಿಂದಲೇ ಆರಂಭಿಸುತ್ತವೆ. ನಿಘಂಟು ಅಲ್ಲಿಯೇ ನಿಂತುಬಿಡುತ್ತದೆ, ಸೂತ್ರವು ಮನಸ್ಸಿನಲ್ಲಿರುವ ಭಾವನೆಗೆ ಅಧಿಕಾರವನ್ನು ಕೂಡಿಸಿ ಮುಂದಕ್ಕೆ ಹೋಗುತ್ತದೆ. ಆದರೆ ಅಧಿಕಾರವನ್ನು ಹೀಗೆ ಕೊನೆಯಲ್ಲಿ ತಂದು ಸೇರಿಸಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾರು ಯಾವ ಜನಾಂಗಕ್ಕೆ ಸೇರಿದವರು ಎಂದು ವಿಂಗಡಿಸುವ ಹಂತದಲ್ಲೇ ಅಧಿಕಾರ ಕೆಲಸ ಶುರು ಮಾಡಿರುತ್ತದೆ. ಆ ವಿಂಗಡಣೆಯ ಮೇಲೆ ಕಟ್ಟಿದ ಏರ್ಪಾಟು ಒಮ್ಮೆ ಗಟ್ಟಿಯಾದರೆ ಅದು ನಡೆದುಕೊಂಡು ಹೋಗಲು ಯಾರ ಪೂರ್ವಗ್ರಹದ ನೆರವೂ ಬೇಕಾಗುವುದಿಲ್ಲ. ಇನ್ನೊಂದು ಕಡೆ, ಆ ಏರ್ಪಾಟಿನ ಕೆಳಗೆ ಸಿಕ್ಕಿಕೊಂಡವರ ತಲೆಯಲ್ಲೂ ಅದರದೇ ವಿಚಾರಗಳು ಬೇರುಬಿಟ್ಟಿರಬಹುದು. ಈ ಎರಡು ಸಂಗತಿಗಳಲ್ಲಿ ಯಾವುದಕ್ಕೂ ಕೂಡುವ ಲೆಕ್ಕದ ಸೂತ್ರದಲ್ಲಿ ಜಾಗವಿಲ್ಲ.

ಸೂತ್ರದ ಮೂಲವನ್ನು ತಿಳಿದರೆ ಅದರ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. 1970ರಲ್ಲಿ ಅಮೆರಿಕದ ಪೆಟ್ರೀಷಿಯಾ ಬಿಡಾಲ್ ಜನಾಂಗೀಯವಾದವನ್ನು ‘ಪೂರ್ವಗ್ರಹ ಮತ್ತು ಸಾಂಸ್ಥಿಕ ಅಧಿಕಾರ’ ಎಂದು ವಿವರಿಸಿದರು. 1978ರಲ್ಲಿ ಜೂಡಿತ್ ಕಾಟ್ಜ್ ಬಿಳಿಯರ ತರಬೇತಿಗೆಂದೇ ಬರೆದ ಕೈಪಿಡಿಯಿಂದ ಈ ವಿವರಣೆಗೆ ಹೆಚ್ಚಿನ ಪ್ರಚಾರ ಸಿಕ್ಕಿತು. ‘ಸಾಂಸ್ಥಿಕ’ ಎಂಬ ವಿಶೇಷಣವು ಬಾಯಿಂದ ಬಾಯಿಗೆ ದಾಟುವಾಗ ಎಲ್ಲೋ ಕಳಚಿಬಿದ್ದಿದೆ. ನಿಮ್ಮ ತರಬೇತುದಾರರೂ ಅದನ್ನು ಹೇಳಿದಂತಿಲ್ಲ. ಸೂತ್ರದ ಉದ್ದೇಶ ಮಾತ್ರ ಒಳ್ಳೆಯದೇ ಆಗಿತ್ತು. ಕಪ್ಪು ಜನರನ್ನು ಬಿಳಿಯರಿಂದ ಬೇರೆಯಿಡುವ ಕಾನೂನುಬದ್ಧ ಪ್ರತ್ಯೇಕತೆ ಕೊನೆಗೊಂಡ ಮೇಲೆ ‘ನಾನು ಯಾರನ್ನೂ ದ್ವೇಷಿಸುವುದಿಲ್ಲ, ಹಾಗಾಗಿ ಇದು ನನ್ನ ಸಮಸ್ಯೆಯಲ್ಲ’ ಎಂದು ಕೈತೊಳೆದುಕೊಳ್ಳುತ್ತಿದ್ದ ಶಿಕ್ಷಕರಿಗೂ ಅಧಿಕಾರಿಗಳಿಗೂ ಶಾಲೆ, ಬ್ಯಾಂಕು, ಪೊಲೀಸ್ ಠಾಣೆಗಳು ನಡೆಯುವ ರೀತಿಯ ಕಡೆ ಕಣ್ಣು ಹಾಯಿಸಿ ಎಂದು ಹೇಳುವ ಅಗತ್ಯವಿತ್ತು. ಅಧಿಕಾರ ಎಂಬ ಪದ ಆ ಕೆಲಸಕ್ಕಾಗಿ ಬಂದದ್ದು.

ಅದಕ್ಕೂ ಮೂರು ವರ್ಷ ಮುಂಚೆ, 1967ರಲ್ಲಿ, ಕಪ್ಪು ಜನರ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ ಇದೇ ವಿಚಾರವನ್ನು ಹೆಚ್ಚು ನಿಖರವಾಗಿ ಹೇಳಿದ್ದರು. ವೈಯಕ್ತಿಕ ಜನಾಂಗೀಯವಾದ ಬೇರೆ, ಸಾಂಸ್ಥಿಕ ಜನಾಂಗೀಯವಾದ ಬೇರೆ ಎಂದು ಬಿಡಿಸಿ ತೋರಿಸಲು ಅವರು ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರವೊಂದನ್ನೇ ಆರಿಸಿಕೊಂಡರು. 1963ರ ಸೆಪ್ಟೆಂಬರಿನಲ್ಲಿ ಬಿಳಿಯ ಭಯೋತ್ಪಾದಕರು ಅಲ್ಲಿನ ಕಪ್ಪು ಜನರ ಚರ್ಚಿನಲ್ಲಿ ಬಾಂಬಿಟ್ಟು ನಾಲ್ವರು ಬಾಲಕಿಯರನ್ನು ಕೊಂದರು. ಇದು ವೈಯಕ್ತಿಕ ಕೃತ್ಯ, ಸಮಾಜದ ಬಹುಪಾಲು ಜನ ಇದನ್ನು ಖಂಡಿಸುತ್ತಾರೆ. ಅದೇ ನಗರದಲ್ಲಿ ಸರಿಯಾದ ಆಹಾರ, ವಸತಿ, ವೈದ್ಯಕೀಯ ಸೌಲಭ್ಯ ಸಿಗದೆ ವರ್ಷಕ್ಕೆ 500 ಕಪ್ಪು ಶಿಶುಗಳು ಸಾಯುತ್ತವೆ ಎಂದು ಅವರು ಬರೆದರು. ಇದಕ್ಕೆ ಹೊಣೆಯಾದ ಕೈ ಯಾವುದೆಂದು ಕಾಣುವುದಿಲ್ಲ, ಆದ್ದರಿಂದ ಖಂಡನೆಯೂ ಹುಟ್ಟುವುದಿಲ್ಲ. ಇಲ್ಲಿ ಅವರು ಎರಡು ಸಂಗತಿಗಳನ್ನು ಕೂಡಿಸುತ್ತಿಲ್ಲ, ಒಂದರಿಂದ ಒಂದನ್ನು ಬಿಡಿಸುತ್ತಿದ್ದಾರೆ ಎಂಬುದನ್ನು ಗಮನಿಸಿ. ಚರ್ಚಿಗೆ ಬಾಂಬಿಟ್ಟ ಕೃತ್ಯವನ್ನು ಜನಾಂಗೀಯವಾದ ಎಂದು ಕರೆಯಲು ಅವರಿಗೆ ಯಾವ ಸೂತ್ರವೂ ಬೇಕಾಗಿರಲಿಲ್ಲ.

ಇನ್ನು ಪೂರ್ವಗ್ರಹದ ವಿಚಾರ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಕೊಟ್ಟ ವಿವರಣೆಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ: ತಪ್ಪಾದ, ಬಗ್ಗದ ಸಾಮಾನ್ಯೀಕರಣದ ಮೇಲೆ ನಿಂತ ದ್ವೇಷಭಾವವೇ ಪೂರ್ವಗ್ರಹ. ಇಲ್ಲಿ ‘ಬಗ್ಗದ’ ಎಂಬುದು ಮುಖ್ಯ, ಏಕೆಂದರೆ ತಪ್ಪು ತಿಳಿವಳಿಕೆ ಎಲ್ಲರಿಗೂ ಇರುತ್ತದೆ; ಎದುರು ಸಾಕ್ಷ್ಯ ಸಿಕ್ಕಾಗಲೂ ಸರಿಪಡಿಸಿಕೊಳ್ಳದೆ ಹೋದಾಗ ಅದು ಪೂರ್ವಗ್ರಹವಾಗುತ್ತದೆ. ಆದರೆ ಮನಸ್ಸಿನಲ್ಲಿರುವುದಕ್ಕೂ ಕೈ ಮಾಡುವುದಕ್ಕೂ ನೇರ ನಂಟಿಲ್ಲ ಎಂಬುದು ಅದಕ್ಕೂ ಮುಂಚೆಯೇ ಗೊತ್ತಾಗಿತ್ತು. ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ಅಮೆರಿಕದ ಉದ್ದಗಲ ಪ್ರವಾಸ ಮಾಡಿದರು. ಅವರು ಹೊಕ್ಕ 251 ಹೋಟೆಲು, ವಸತಿಗೃಹಗಳಲ್ಲಿ ಒಂದೇ ಒಂದು ಕಡೆ ಪ್ರವೇಶ ನಿರಾಕರಿಸಲಾಯಿತು. ಕೆಲವು ತಿಂಗಳ ನಂತರ ಅದೇ ಸ್ಥಳಗಳಿಗೆ ‘ಚೀನೀಯರಿಗೆ ನೀವು ಜಾಗ ಕೊಡುತ್ತೀರಾ’ ಎಂದು ಪತ್ರ ಬರೆದು ಕೇಳಿದಾಗ, ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲವೆಂದರು. ಒಳ್ಳೆಯ ಉಡುಪಿನ, ನಗುಮುಖದ ಗಿರಾಕಿಗಳು, ಜೊತೆಗೊಬ್ಬ ಬಿಳಿಯ ಪ್ರಾಧ್ಯಾಪಕ ಎದುರಿಗೆ ನಿಂತಾಗ ಅವರ ಪೂರ್ವಗ್ರಹ ಕೆಲಸಕ್ಕೆ ಬಂದಿರಲಿಲ್ಲ.

ಇದರ ತಿರುವುಮುರುವೂ ನಿಜ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಜನರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗ ಅದರಲ್ಲೊಂದು ಬಗೆ ‘ಪೂರ್ವಗ್ರಹವಿಲ್ಲದ ತಾರತಮ್ಯಗಾರ’. ತನಗೆ ಯಾರ ಮೇಲೂ ಬೇಸರವಿಲ್ಲ, ಆದರೆ ಗಿರಾಕಿಗಳು ಗೊಣಗುತ್ತಾರೆ, ನೆರೆಯವರು ಮುನಿಸಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವವನು ಇವನು. ಉಳಿದ ಮೂರು ಬಗೆಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಸೂತ್ರವನ್ನು ಅಲುಗಾಡಿಸಲು ಇವನೊಬ್ಬ ಸಾಕು. ಇವನ ಬಳಿ ಅಧಿಕಾರವಿದೆ, ಪೂರ್ವಗ್ರಹವಿಲ್ಲ, ತಾರತಮ್ಯವಂತೂ ಕಣ್ಣೆದುರಿಗೇ ಇದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರ ಮುಂದುವರಿಕೆ. ಅದಕ್ಕೆ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು. ನಾರ್ತ್ ಕೆರೊಲಿನಾದ ಡ್ರೇಪರ್ ಎಂಬಲ್ಲಿ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರವಿತ್ತು. ಅಲ್ಲಿನ ಐದು ವಿಭಾಗಗಳಲ್ಲಿ ಕಪ್ಪು ಕೆಲಸಗಾರರಿಗೆ ಅವಕಾಶವಿದ್ದದ್ದು ಕೂಲಿ ವಿಭಾಗವೊಂದರಲ್ಲೇ, ಮತ್ತು ಆ ವಿಭಾಗದ ಅತಿ ಹೆಚ್ಚಿನ ಸಂಬಳ ಉಳಿದ ನಾಲ್ಕು ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ಸಂಬಂಧಿ ಅಧ್ಯಾಯ 1965ರ ಜುಲೈ 2ರಂದು ಜಾರಿಗೆ ಬಂದಿತು. ಕಂಪನಿ ಬಣ್ಣದ ನಿರ್ಬಂಧವನ್ನು ಕೈಬಿಟ್ಟಿತು. ಆದರೆ ಕೂಲಿ ವಿಭಾಗದಿಂದ ಮೇಲೆ ಹೋಗಬೇಕಾದರೆ ಹೈಸ್ಕೂಲು ಪ್ರಮಾಣಪತ್ರ ಬೇಕೆಂದಿತು, ಹೊಸಬರು ಕೂಲಿ ವಿಭಾಗದ ಹೊರಗೆ ಸೇರಬೇಕಾದರೆ ಪ್ರಮಾಣಪತ್ರದ ಜೊತೆಗೆ ಎರಡು ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕೆಂದಿತು. ನಿಯಮದಲ್ಲಿ ಬಣ್ಣದ ಹೆಸರೇ ಇಲ್ಲ. ಆದರೆ 1960ರ ಜನಗಣತಿಯ ಪ್ರಕಾರ ಆ ರಾಜ್ಯದ ಬಿಳಿಯ ಗಂಡಸರಲ್ಲಿ ಶೇ 34ರಷ್ಟು ಜನ ಹೈಸ್ಕೂಲು ಮುಗಿಸಿದ್ದರೆ ಕಪ್ಪು ಗಂಡಸರಲ್ಲಿ ಶೇ 12ರಷ್ಟು ಮಾತ್ರ ಮುಗಿಸಿದ್ದರು, ಏಕೆಂದರೆ ಅವರು ಓದಿದ್ದು ಪ್ರತ್ಯೇಕಿಸಿದ, ಕೀಳುದರ್ಜೆಯ ಶಾಲೆಗಳಲ್ಲಿ. ನಿಯಮ ಬರುವ ಮುಂಚೆ ಪ್ರಮಾಣಪತ್ರವಿಲ್ಲದೆಯೇ ಮೇಲಿನ ವಿಭಾಗಗಳಿಗೆ ಸೇರಿದ್ದ ಬಿಳಿಯರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡು ಬಡ್ತಿಯನ್ನೂ ಪಡೆಯುತ್ತಿದ್ದರು. ಅಂದರೆ ಆ ಕೆಲಸಕ್ಕೆ ಪ್ರಮಾಣಪತ್ರ ಬೇಕೇ ಇರಲಿಲ್ಲ.

ಕಂಪನಿಗೆ ದುರುದ್ದೇಶವಿರಲಿಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು; ಕೆಲಸಗಾರರ ಓದಿನ ಖರ್ಚಿಗೆ ಕಂಪನಿ ಸಹಾಯ ಮಾಡುತ್ತಿತ್ತು ಎಂಬುದೂ ದಾಖಲೆಯಲ್ಲಿತ್ತು. 1971ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಲಿಲ್ಲ, ಪಕ್ಕಕ್ಕಿಟ್ಟಿತು. ರೂಪದಲ್ಲಿ ನ್ಯಾಯವಾಗಿ ಕಂಡರೂ ಕಾರ್ಯದಲ್ಲಿ ತಾರತಮ್ಯ ಮಾಡುವ ನಿಯಮವನ್ನು ಈ ಕಾಯ್ದೆ ಒಪ್ಪುವುದಿಲ್ಲ, ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ನಿಯಮ ಉಳಿಯುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಸರ್ವಾನುಮತದ ತೀರ್ಪಿನಲ್ಲಿ ಬರೆದರು. ಸೂತ್ರದ ಮೊದಲ ಅಂಶವೇ ಇಲ್ಲಿ ಕಾಣೆಯಾಗಿದೆ. ಪ್ರತ್ಯೇಕ ಶಾಲೆಗಳನ್ನು ಕಟ್ಟಿದ ಹಿಂದಿನ ತಲೆಮಾರಿನಲ್ಲಿ ಪೂರ್ವಗ್ರಹ ಖಂಡಿತ ಇತ್ತು. 1965ರ ನಂತರ ಅದರ ಫಲ ಕೈಗೆ ಸಿಗಲು ಪ್ರಮಾಣಪತ್ರ ಕೇಳುವ ಗುಮಾಸ್ತನೊಬ್ಬನಿದ್ದರೆ ಸಾಕಾಗಿತ್ತು, ಅವನು ಎಷ್ಟೇ ಸಜ್ಜನನಾಗಿರಲಿ.

ಇದು ಹಳೆಯ ಕಾಲದ ಕತೆಯೆಂದು ತೋರಿದರೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬಹುದು. ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಅಂದಾಜಿಸುತ್ತಿದ್ದ ಕಂಪ್ಯೂಟರ್ ವ್ಯವಸ್ಥೆಯೊಂದು ರೋಗದ ತೀವ್ರತೆಯ ಬದಲು ಚಿಕಿತ್ಸೆಗೆ ತಗಲುವ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಅಷ್ಟೇ ಕಾಯಿಲೆಯ ಕಪ್ಪು ರೋಗಿಗಳ ಮೇಲೆ ಆ ಸಮಾಜದಲ್ಲಿ ಕಡಿಮೆ ಖರ್ಚಾಗುತ್ತದೆ, ಹಾಗಾಗಿ ಯಂತ್ರ ಅವರನ್ನು ಹೆಚ್ಚು ಆರೋಗ್ಯವಂತರೆಂದು ಎಣಿಸಿತು. ಈ ತಪ್ಪನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕಹಾಕಿದರು. ಆ ಲೆಕ್ಕಾಚಾರಕ್ಕೆ ರೋಗಿಯ ಜನಾಂಗ ಯಾವುದೆಂಬ ಮಾಹಿತಿಯನ್ನೇ ಕೊಟ್ಟಿರಲಿಲ್ಲ.

ವಿಶ್ವಸಂಸ್ಥೆಯ 1965ರ ಜನಾಂಗೀಯ ತಾರತಮ್ಯ ನಿವಾರಣಾ ಒಡಂಬಡಿಕೆ ಈ ಕಾರಣಕ್ಕೇ ಜಾಣತನದಿಂದ ಪದಗಳನ್ನು ಆಯ್ದುಕೊಂಡಿದೆ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲದ ಆಧಾರದಲ್ಲಿ ಮಾಡಿದ ಯಾವುದೇ ಭೇದವು ಮಾನವ ಹಕ್ಕುಗಳನ್ನು ಕುಗ್ಗಿಸುವ ‘ಉದ್ದೇಶ ಅಥವಾ ಪರಿಣಾಮ’ ಹೊಂದಿದ್ದರೆ ಅದು ತಾರತಮ್ಯ ಎನ್ನುತ್ತದೆ ಅದರ ಮೊದಲ ವಿಧಿ. (‘ವಂಶ’ ಎಂಬುದು ಜಾತಿಯನ್ನೂ ಒಳಗೊಳ್ಳುತ್ತದೆ ಎಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಹೇಳಿತು, ಭಾರತ ಸರ್ಕಾರ ಅದನ್ನು ಒಪ್ಪಿಲ್ಲ, ಆ ಚರ್ಚೆಗೆ ಬೇರೆಯದೇ ಉತ್ತರ ಬೇಕು.) ಎಲ್ಲ ಕಾನೂನುಗಳೂ ಇಷ್ಟು ದೂರ ಬಂದಿಲ್ಲ. ಅದೇ ಅಮೆರಿಕದ ಸುಪ್ರೀಂ ಕೋರ್ಟು 1976ರಲ್ಲಿ, ಕಾಯ್ದೆಯ ಮಾತು ಬೇರೆ, ಸಂವಿಧಾನದ ಸಮಾನತೆಯ ಖಾತರಿ ಉಲ್ಲಂಘನೆಯಾಗಿದೆ ಎನ್ನಬೇಕಾದರೆ ದುರುದ್ದೇಶವನ್ನು ತೋರಿಸಲೇಬೇಕು ಎಂದು ತೀರ್ಪಿತ್ತಿತು. ಒಂದೇ ದೇಶದ ಕಾನೂನಿನಲ್ಲಿ ನಿಮ್ಮ ನಿಘಂಟಿನ ಅರ್ಥವೂ ಅದರ ಎದುರಾಳಿ ಅರ್ಥವೂ ಐದು ವರ್ಷಗಳ ಅಂತರದಲ್ಲಿ ಜಾಗ ಪಡೆದಿವೆ.

ಸೂತ್ರದ ಎರಡನೆಯ ಅಂಶವಾದ ಅಧಿಕಾರವೂ ಹೇಳಿದಷ್ಟು ಸರಳವಲ್ಲ. ಅದು ತಲೆಯೆಣಿಕೆಯಂತೂ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯನ್ನು ಹೇರಿದ ಬಿಳಿಯರು ಜನಸಂಖ್ಯೆಯ ಐದರಲ್ಲಿ ಒಂದು ಪಾಲಿನಷ್ಟಿದ್ದರು. ಬರೀ ಹಣವೂ ಅಲ್ಲ. ಉಗಾಂಡಾದ ವ್ಯಾಪಾರದ ಬಹುಭಾಗ ಏಷ್ಯಾ ಮೂಲದವರ ಕೈಯಲ್ಲಿತ್ತು, ಬ್ರಿಟಿಷ್ ಆಳ್ವಿಕೆಯ ಶ್ರೇಣಿಯಲ್ಲಿ ಅವರು ಆಫ್ರಿಕನ್ನರಿಗಿಂತ ಒಂದು ಮೆಟ್ಟಿಲು ಮೇಲಿದ್ದರು, ಅವರಲ್ಲಿ ಹಲವರು ಆಫ್ರಿಕನ್ನರನ್ನು ಕೀಳಾಗಿಯೂ ಕಾಣುತ್ತಿದ್ದರು. ಆದರೆ 1972ರ ಆಗಸ್ಟಿನಲ್ಲಿ ಸರ್ವಾಧಿಕಾರಿ ಇದಿ ಅಮೀನ್ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ ಆ ಹಣ ಅವರನ್ನು ಉಳಿಸಲಿಲ್ಲ, ಹತ್ತಾರು ಸಾವಿರ ಜನ ಎಲ್ಲವನ್ನೂ ಬಿಟ್ಟು ಹೊರಟರು. ಈ ಕತೆಯಲ್ಲಿ ‘ಅಧಿಕಾರವುಳ್ಳ ಜನಾಂಗ’ ಯಾವುದು ಎಂದು ಕೇಳಿದರೆ ಯಾವ ವರ್ಷದಲ್ಲಿ, ಯಾವ ವಿಷಯದಲ್ಲಿ, ಯಾರ ಎದುರಿನಲ್ಲಿ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು. ಅಧಿಕಾರವು ಸಮುದಾಯವೊಂದರ ಚರ್ಮಕ್ಕೆ ಅಂಟಿಕೊಂಡಿರುವ ಗುಣವಲ್ಲ, ಅದು ಹುದ್ದೆಗಳಲ್ಲಿ, ನಿಯಮಗಳಲ್ಲಿ, ಮುದ್ರೆ ಒತ್ತುವ ಕೈಗಳಲ್ಲಿ ಇರುತ್ತದೆ. ಬಾಸ್ಟನ್ ಮತ್ತು ಶಿಕಾಗೋ ನಗರಗಳ ಉದ್ಯೋಗದಾತರಿಗೆ ಕಳಿಸಿದ ಒಂದೇ ಬಗೆಯ ಅರ್ಜಿಗಳಲ್ಲಿ, ಬಿಳಿಯರದೆಂದು ತೋರುವ ಹೆಸರಿದ್ದವಕ್ಕೆ ಕಪ್ಪು ಜನರದೆಂದು ತೋರುವ ಹೆಸರಿದ್ದವುಗಳಿಗಿಂತ ಶೇ 50ರಷ್ಟು ಹೆಚ್ಚು ಕರೆಗಳು ಬಂದವು ಎಂದು 2004ರ ಪ್ರಸಿದ್ಧ ಅಧ್ಯಯನ ತೋರಿಸಿತು. ಅರ್ಜಿ ಬದಿಗಿಡುವ ಅಧಿಕಾರ ಚಿಕ್ಕದು, ಅದು ಇರುವುದು ಆ ಮೇಜಿನ ಹಿಂದೆ ಕುಳಿತವರಿಗೆ, ಅವರು ಯಾವ ಬಣ್ಣದವರೇ ಆಗಿರಲಿ.

ಆದರೆ ಎಲ್ಲಕ್ಕಿಂತ ಮೊದಲಿನ ಅಧಿಕಾರ ಎಂದರೆ ವಿಂಗಡಿಸುವ ಅಧಿಕಾರ, ಸೂತ್ರದಲ್ಲಿ ಇದರ ಸುಳಿವೇ ಇಲ್ಲ. ಅಮೆರಿಕದ ಪೌರತ್ವ ಕಾನೂನು ಒಂದು ಕಾಲದಲ್ಲಿ ‘ಬಿಳಿಯ ವ್ಯಕ್ತಿ’ಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವಕ್ಕೆ ಅರ್ಜಿ ಹಾಕಲು ಬಿಡುತ್ತಿತ್ತು. ಇಪ್ಪತ್ತು ವರ್ಷ ಅಲ್ಲಿಯೇ ಬಾಳಿದ್ದ ಜಪಾನಿನ ತಕಾವೊ ಒಜಾವಾ ತಮ್ಮ ಚರ್ಮವೂ ಬಿಳಿಯೇ ಎಂದು ವಾದಿಸಿದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ 1922ರ ನವೆಂಬರಿನಲ್ಲಿ, ಚರ್ಮದ ಬಣ್ಣ ಮುಖ್ಯವಲ್ಲ, ‘ಬಿಳಿಯ’ ಎಂದರೆ ಕಕೇಷಿಯನ್ ಜನಾಂಗದವರು ಎಂದು ತೀರ್ಪು ಬರೆದರು. ಪಂಜಾಬಿನಲ್ಲಿ ಹುಟ್ಟಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಆಗ ಸರದಿಯಲ್ಲಿತ್ತು. ಉತ್ತರ ಭಾರತೀಯರು ಕಕೇಷಿಯನ್ನರೆಂದು ಅಂದಿನ ಮಾನವಶಾಸ್ತ್ರಜ್ಞರೇ ಹೇಳುತ್ತಿದ್ದುದರಿಂದ ಅವರು ಗೆಲ್ಲಬೇಕಿತ್ತು. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ, ಅದೇ ಸದರ್‌ಲ್ಯಾಂಡ್ ಅದೇ ಕೋರ್ಟಿನ ಪರವಾಗಿ, ವಿಜ್ಞಾನ ಏನೇ ಹೇಳಲಿ, ಜನಸಾಮಾನ್ಯನ ತಿಳಿವಳಿಕೆಯಲ್ಲಿ ಈತ ಬಿಳಿಯನಲ್ಲ ಎಂದು ಬರೆದರು. ಅಳತೆಗೋಲು ಬದಲಾಯಿತು, ಫಲಿತಾಂಶ ಬದಲಾಗಲಿಲ್ಲ. ದಕ್ಷಿಣ ಆಫ್ರಿಕಾದ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಇದನ್ನೇ ದೈನಂದಿನ ಆಡಳಿತವಾಗಿಸಿತು. ನೋಟಕ್ಕೆ ಬಿಳಿಯನಂತಿರುವವನು ಅಥವಾ ಬಿಳಿಯನೆಂದು ಸಾಮಾನ್ಯವಾಗಿ ಒಪ್ಪಿತನಾದವನು ಬಿಳಿಯ ಎಂಬುದು ಅದರ ವ್ಯಾಖ್ಯೆ, ಸಂದೇಹ ಬಂದಾಗ ಕೂದಲಿನಲ್ಲಿ ಪೆನ್ಸಿಲು ಸಿಕ್ಕಿಸಿ ಅದು ಉದುರುತ್ತದೆಯೇ ಎಂದು ನೋಡುತ್ತಿದ್ದ ಅಧಿಕಾರಿಗಳೂ ಇದ್ದರು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಜನಾಂಗಗಳಿಗೆ ಸೇರಿದ್ದುಂಟು. ಪೂರ್ವಗ್ರಹ ಇಟ್ಟುಕೊಳ್ಳಲು ಮೊದಲು ‘ಅವರು’ ಯಾರೆಂದು ಗೊತ್ತಾಗಬೇಕಷ್ಟೆ. ಅದನ್ನು ಗೊತ್ತುಮಾಡಿದ್ದು ಸರ್ಕಾರಿ ಕಚೇರಿ.

ಥಿಂಡ್ ಮೊಕದ್ದಮೆಯಲ್ಲಿ ನನಗೆ ಇನ್ನೂ ಮುಖ್ಯವೆನಿಸುವುದು ಅವರ ಪರವಾಗಿ ಸಲ್ಲಿಕೆಯಾದ ವಾದಪತ್ರ. ಅಮೆರಿಕನ್ನರು ನೀಗ್ರೋಗಳನ್ನು ವಿವಾಹದ ವಿಷಯದಲ್ಲಿ ಹೇಗೆ ಕಾಣುತ್ತಾರೋ ಮೇಲ್ಜಾತಿಯ ಹಿಂದೂವೂ ಭಾರತದ ಮೂಲನಿವಾಸಿಗಳನ್ನು ಹಾಗೆಯೇ ಕಾಣುತ್ತಾನೆ, ಆದ್ದರಿಂದ ಅವನ ರಕ್ತ ಶುದ್ಧ ಎಂಬುದು ಅದರಲ್ಲಿನ ಒಂದು ವಾದ. ಆ ನ್ಯಾಯಾಲಯದಲ್ಲಿ ಥಿಂಡ್ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಜನಾಂಗೀಯ ಕಾನೂನಿನ ನೇರ ಬಲಿಪಶು ಅವರೇ. ಹಾಗಿದ್ದೂ ಆ ವಾದ ಜನಾಂಗೀಯವಾದಿಯೇ ಹೌದು. ‘ಅಧಿಕಾರವಿಲ್ಲದವನು ಜನಾಂಗೀಯವಾದಿಯಾಗಲಾರ’ ಎಂದು ಹೇಳುವವರು ಈ ವಾದಪತ್ರಕ್ಕೆ ಯಾವ ಹೆಸರಿಡುತ್ತಾರೆ ಎಂದು ಕೇಳುವ ಆಸೆ ನನಗಿದೆ.

ಯಹೂದಿ ದ್ವೇಷವನ್ನು ತೆಗೆದುಕೊಂಡರೆ ಸೂತ್ರ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಸಾಮಾನ್ಯ ಜನಾಂಗೀಯವಾದ ತನ್ನ ಗುರಿಯನ್ನು ದುರ್ಬಲ, ಕೀಳು ಎಂದು ಚಿತ್ರಿಸಿದರೆ, ಇದು ಯಹೂದಿಗಳನ್ನು ತೆರೆಮರೆಯಲ್ಲಿ ಜಗತ್ತನ್ನು ಆಡಿಸುವವರೆಂದು ಚಿತ್ರಿಸುತ್ತದೆ. ಹೀಗೆ ನಂಬಿದವನಿಗೆ ತಾನೇ ಅಧಿಕಾರಹೀನ, ತಾನು ಮಾಡುತ್ತಿರುವುದು ಪ್ರತಿರೋಧ. ನಾಜಿ ಜರ್ಮನಿ ಯಹೂದಿಗಳ ಪೌರತ್ವ ಕಸಿದುಕೊಂಡ 1935ರ ನ್ಯೂರೆಂಬರ್ಗ್ ಕಾನೂನುಗಳಿಗೆ ದಾರಿ ಮಾಡಿಕೊಟ್ಟವರ ಭಾಷಣಗಳ ತುಂಬ ಇದೇ ಬಲಿಪಶುವಿನ ಧಾಟಿಯಿದೆ. ಯಾರಿಗೆ ಅಧಿಕಾರವಿದೆ ಎಂಬ ತಪ್ಪು ಗ್ರಹಿಕೆಯೇ ಪೂರ್ವಗ್ರಹದ ತಿರುಳಾಗಿರುವ ಕಡೆ, ಅಧಿಕಾರವನ್ನು ಮೊದಲು ತೂಗಿ ನೋಡಿ ಆಮೇಲೆ ಹೆಸರಿಡೋಣ ಎನ್ನುವ ಸೂತ್ರ ದ್ವೇಷಿಯ ಕೈಗೇ ತಕ್ಕಡಿ ಕೊಟ್ಟಂತೆ.

ಇಷ್ಟಾದರೂ ಸೂತ್ರದ ಪರವಾಗಿ ಒಂದು ಗಟ್ಟಿ ಮಾತಿದೆ, ಅದನ್ನು ಮುಚ್ಚಿಡಬಾರದು. ಬಿಳಿಯನೊಬ್ಬನ ತಿರಸ್ಕಾರವೂ ಕಪ್ಪು ವರ್ಣೀಯನೊಬ್ಬನ ತಿರಸ್ಕಾರವೂ ಅಮೆರಿಕದಂಥ ಸಮಾಜದಲ್ಲಿ ಒಂದೇ ತೂಕದವಲ್ಲ. ಮೊದಲನೆಯದರ ಬೆನ್ನಿಗೆ ಗುಲಾಮಗಿರಿಯ ಇತಿಹಾಸವಿದೆ, ಬ್ಯಾಂಕು ಸಾಲ ಕೊಡದ ಬಡಾವಣೆಗಳಿವೆ, ಅದನ್ನು ಕೇಳಿಸಿಕೊಂಡವನಿಗೆ ಅದು ಮುಂದೆ ಪೊಲೀಸನ ಅಥವಾ ಮನೆ ಮಾಲೀಕನ ರೂಪದಲ್ಲಿ ಎದುರಾಗಬಹುದು. ಎರಡನೆಯದು ಬಹುಪಾಲು ಅವಮಾನವಾಗಿ ಅಲ್ಲಿಗೇ ಮುಗಿಯುತ್ತದೆ. ತತ್ತ್ವಶಾಸ್ತ್ರಜ್ಞ ಲಾರೆನ್ಸ್ ಬ್ಲಮ್ ಈ ಅಸಮಾನತೆಯನ್ನು ಒಪ್ಪುತ್ತಾರೆ, ಆದರೆ ಒಂದರ ನೈತಿಕ ತೂಕ ಹೆಚ್ಚು ಎನ್ನುವುದಕ್ಕೂ ಇನ್ನೊಂದಕ್ಕೆ ಆ ಹೆಸರೇ ಸಲ್ಲದು ಎನ್ನುವುದಕ್ಕೂ ವ್ಯತ್ಯಾಸವಿದೆ ಎನ್ನುತ್ತಾರೆ. ನನಗೂ ಇದೇ ಸರಿಯೆನಿಸುತ್ತದೆ. ತರಬೇತಿಯಲ್ಲಿ ನಡೆಯುವ ತಪ್ಪು ಇಲ್ಲಿಯೇ: ವ್ಯವಸ್ಥೆಯನ್ನು ವಿವರಿಸಲು ಮಾಡಿದ ವ್ಯಾಖ್ಯೆಯನ್ನು ವ್ಯಕ್ತಿಗೆ ಅನ್ವಯಿಸಿ, ಇಡೀ ಸಮುದಾಯಗಳಿಗೆ ದೋಷಪತ್ರವನ್ನೋ ನಿರ್ದೋಷಪತ್ರವನ್ನೋ ಹಂಚಲಾಗುತ್ತದೆ.

ನಿಘಂಟನ್ನು ನೆಚ್ಚಿಕೊಂಡರೆ ಇದಕ್ಕೆ ವಿರುದ್ಧವಾದ ಗುಂಡಿಗೆ ಬೀಳುತ್ತೇವೆ. ಲಂಡನ್ನಿನಲ್ಲಿ 1993ರ ಏಪ್ರಿಲಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟು ವರ್ಷದ ಕಪ್ಪು ಯುವಕನನ್ನು ಬಿಳಿಯ ಯುವಕರ ಗುಂಪು ಬಸ್ ನಿಲ್ದಾಣದ ಬಳಿ ಇರಿದು ಕೊಂದಿತು. ಇರಿದವರ ಬಗ್ಗೆ ಯಾವ ವ್ಯಾಖ್ಯೆಗೂ ತೊಂದರೆಯಿಲ್ಲ. ತನಿಖೆ ಏಕೆ ಹದಗೆಟ್ಟಿತು, ಸ್ಥಳದಲ್ಲಿದ್ದ ಗೆಳೆಯನನ್ನು ಪೊಲೀಸರು ಹಲ್ಲೆಗೊಳಗಾದವನೆಂದು ಏಕೆ ನಡೆಸಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಸಾಂಸ್ಥಿಕ ಜನಾಂಗೀಯವಾದವನ್ನು ಹೀಗೆ ವಿವರಿಸಿತು: ಬಣ್ಣ, ಸಂಸ್ಕೃತಿ ಅಥವಾ ಜನಾಂಗೀಯ ಮೂಲದ ಕಾರಣಕ್ಕೆ ಜನರಿಗೆ ತಕ್ಕ ಸೇವೆ ಕೊಡುವಲ್ಲಿ ಸಂಸ್ಥೆಯೊಂದರ ಸಾಮೂಹಿಕ ವೈಫಲ್ಯ, ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ವಿವೇಚನೆಯಿಲ್ಲದ ನಡತೆ, ಜನಾಂಗಗಳ ಬಗೆಗಿನ ಸಿದ್ಧ ಕಲ್ಪನೆಗಳ ಮೂಲಕ ಅದು ವ್ಯಕ್ತವಾಗುತ್ತದೆ. ಈ ಪದವನ್ನು ಒಪ್ಪಿದರೆ ಪ್ರತಿಯೊಬ್ಬ ಪೊಲೀಸನೂ ಜನಾಂಗೀಯವಾದಿ ಎಂದು ಜನ ಅರ್ಥಮಾಡಿಕೊಳ್ಳುತ್ತಾರೆ ಎಂದು ಲಂಡನ್ನಿನ ಅಂದಿನ ಪೊಲೀಸ್ ಕಮಿಷನರ್ ವಿಚಾರಣೆಯಲ್ಲಿ ಆತಂಕ ವ್ಯಕ್ತಪಡಿಸಿದ್ದರು. ಆ ಆತಂಕ ಪೂರ್ತಿ ಕಪಟವಾಗಿರಲಿಲ್ಲ. ಒಂದೇ ಪದ ವ್ಯಕ್ತಿಯ ಕೆಡುಕನ್ನೂ ಸಂಸ್ಥೆಯ ಅಡ್ಡಾದಿಡ್ಡಿತನವನ್ನೂ ಹೊರುವಾಗ ಕೇಳುಗರು ಮೊದಲ ಅರ್ಥಕ್ಕೇ ಜಿಗಿಯುತ್ತಾರೆ. ಎಲ್ಲ ಅಸಮಾನತೆಗೂ ಇದೇ ಪದ ಹಚ್ಚುತ್ತ ಹೋದರೆ ಅದು ಉಬ್ಬಿ ಪೊಳ್ಳಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮೈಲ್ಸ್ 1989ರಲ್ಲೇ ಎಚ್ಚರಿಸಿದ್ದರು. ನಿಘಂಟುಗಳೂ ನಿಂತ ನೀರಲ್ಲ. 2020ರಲ್ಲಿ ಯುವತಿಯೊಬ್ಬರ ಪತ್ರಗಳಿಗೆ ಓಗೊಟ್ಟು ಮೆರಿಯಮ್-ವೆಬ್‌ಸ್ಟರ್ ನಿಘಂಟಿನ ಸಂಪಾದಕರು ವ್ಯವಸ್ಥೆಗೆ ಸಂಬಂಧಿಸಿದ ಅರ್ಥವನ್ನು ಇನ್ನಷ್ಟು ಸ್ಪಷ್ಟಪಡಿಸಲು ಒಪ್ಪಿದರು. ಹಳೆಯ ಅರ್ಥವನ್ನು ಅವರು ತೆಗೆದುಹಾಕಲಿಲ್ಲ.

ಹಾಗಾದರೆ ನಾನು ಬಳಸುವ ವ್ಯಾಖ್ಯೆ ಯಾವುದು? ಯುನೆಸ್ಕೋ 1978ರ ಘೋಷಣೆಯಲ್ಲಿ ಜನಾಂಗೀಯವಾದದೊಳಗೆ ಸಿದ್ಧಾಂತ, ಪೂರ್ವಗ್ರಹದ ಮನೋಭಾವ, ತಾರತಮ್ಯದ ವರ್ತನೆ, ಅಸಮಾನತೆಗೆ ಕಾರಣವಾಗುವ ರಚನೆ ಮತ್ತು ಸಾಂಸ್ಥಿಕ ಪದ್ಧತಿ ಇವೆಲ್ಲವನ್ನೂ ಸೇರಿಸಿತು, ಜೊತೆಗೆ ಇಂಥ ಸಂಬಂಧಗಳಿಗೆ ನೈತಿಕ ಹಾಗೂ ವೈಜ್ಞಾನಿಕ ಸಮರ್ಥನೆಯಿದೆ ಎಂಬ ಭ್ರಮೆಯನ್ನೂ ಸೇರಿಸಿತು. ಸಮಿತಿಗಳು ಬರೆದ ವಾಕ್ಯದಂತೆ ಅದು ಉದ್ದವಾಗಿದೆ, ಆದರೆ ದಾರಿ ಸರಿಯಾಗಿದೆ. ಅದನ್ನು ನಾನು ಹೀಗೆ ಸಂಕ್ಷೇಪಿಸುತ್ತೇನೆ: ಮನುಷ್ಯರನ್ನು ಹುಟ್ಟಿನಿಂದ ಬಂದ ಗುಣಗಳುಳ್ಳ ಜನಾಂಗಗಳಾಗಿ ವಿಂಗಡಿಸಿ, ಆ ವಿಂಗಡಣೆಯ ಮೇಲೆ ಅವರಿಗೆ ಸಲ್ಲಬೇಕಾದ ಗೌರವ, ಸಂಪತ್ತು, ರಕ್ಷಣೆಗಳನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಟು, ಮತ್ತು ಆ ಏರ್ಪಾಟಿಗೆ ಹುಟ್ಟುಕೊಟ್ಟ ಅಥವಾ ಅದರಿಂದ ಹುಟ್ಟಿದ ವಿಚಾರ, ಭಾವನೆ, ಕೃತ್ಯಗಳು. ಈ ವ್ಯಾಖ್ಯೆಯಲ್ಲಿ ಅಧಿಕಾರ ಏರ್ಪಾಟಿನ ಒಳಗೇ ಇದೆ. ವ್ಯಕ್ತಿಯೊಬ್ಬನ ಮಾತು ಅಥವಾ ಕೃತ್ಯ ಜನಾಂಗೀಯವಾದಿ ಎನಿಸಿಕೊಳ್ಳಲು ಅವನು ಸ್ವತಃ ಅಧಿಕಾರಸ್ಥನಾಗಿರಬೇಕಿಲ್ಲ, ಆ ಏರ್ಪಾಟಿನ ವಿಂಗಡಣೆಯನ್ನು ಒಪ್ಪಿ ಅದರಂತೆ ನಡೆದರೆ ಸಾಕು. ಸಂಸ್ಥೆಯೊಂದು ಆ ಹೆಸರಿಗೆ ಗುರಿಯಾಗಲು ಅದರಲ್ಲಿರುವವರು ದ್ವೇಷಿಗಳಾಗಿರಬೇಕಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ಊಹೆಯದಲ್ಲ, ನಡೆದದ್ದು. ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ 1989ರ ಅಕ್ಟೋಬರಿನ ಒಂದು ಸಂಜೆ ಕಪ್ಪು ಯುವಕರ ಗುಂಪೊಂದು, ಪ್ರಾರ್ಥಿಸುತ್ತಿದ್ದ ಕಪ್ಪು ಬಾಲಕನನ್ನು ಬಿಳಿಯನೊಬ್ಬ ಹೊಡೆಯುವ ಸಿನಿಮಾ ದೃಶ್ಯದ ಬಗ್ಗೆ ಮಾತಾಡುತ್ತ ಕೆರಳಿ, ರಸ್ತೆಯಲ್ಲಿ ಹೋಗುತ್ತಿದ್ದ ಬಿಳಿಯ ಬಾಲಕನನ್ನು ಬಿಳಿಯನೆಂಬ ಕಾರಣಕ್ಕೇ ಹಿಡಿದು ಹೊಡೆಯಿತು. ಬಾಲಕ ನಾಲ್ಕು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ. ಗುಂಪನ್ನು ಪ್ರಚೋದಿಸಿದ ಮಿಚೆಲ್ ಎಂಬಾತನಿಗೆ ಆ ಅಪರಾಧಕ್ಕೆ ಗರಿಷ್ಠ ಎರಡು ವರ್ಷದ ಶಿಕ್ಷೆಯಿದ್ದುದು, ಹಲ್ಲೆಗೊಳಗಾದವನನ್ನು ಜನಾಂಗದ ಕಾರಣಕ್ಕೆ ಆರಿಸಿದ್ದರಿಂದ ನಾಲ್ಕು ವರ್ಷಕ್ಕೆ ಏರಿತು. 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಕೃತ್ಯ ಜನಾಂಗೀಯವಾದದ್ದೇ, ಅದನ್ನು ಬೇರೆ ಸಣ್ಣ ಹೆಸರಿನಿಂದ ಕರೆಯಲು ನನಗೆ ಕಾರಣ ಕಾಣುವುದಿಲ್ಲ. ಹಾಗೆಯೇ, ಆ ಸಂಜೆಯ ನಂತರ ಕೆನೋಶಾದ ಬಿಳಿಯರಿಗೆ ಮನೆ, ಸಾಲ, ಕೆಲಸ ಸಿಗುವುದು ಕಷ್ಟವೇನೂ ಆಗಲಿಲ್ಲ ಎಂಬುದೂ ಸತ್ಯ. ಮಿಚೆಲ್ ಪ್ರಕರಣದಲ್ಲಿ ಅಪರಾಧಿಯೊಬ್ಬನಿದ್ದ, ಅವನ ಉದ್ದೇಶವನ್ನು ಸಾಬೀತುಪಡಿಸಬೇಕಿತ್ತು, ಶಿಕ್ಷೆಯೊಂದಿಗೆ ಮೊಕದ್ದಮೆ ಮುಗಿಯಿತು. ಡ್ಯೂಕ್ ಪವರ್ ಪ್ರಕರಣದಲ್ಲಿ ಯಾರನ್ನೂ ಜನಾಂಗೀಯವಾದಿ ಎಂದು ಕರೆಯಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ಪ್ರಮಾಣಪತ್ರದ ಮತ್ತು ಪರೀಕ್ಷೆಯ ನಿಯಮ ಬಿದ್ದುಹೋಯಿತು, ಕೂಲಿ ವಿಭಾಗದಿಂದ ಮೇಲೆ ಹೋಗುವ ಬಾಗಿಲು ತೆರೆಯಿತು.